ಬೆಂಕಿ ಬಿಟ್ಟು ಏಳದವರು

ರಾವಂದೂರಿನ ಹತ್ತಿರದ ನಮ್ಮ ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಲು ಕಾಡಂಚಿನ ಹಾಡಿಯವರೊಬ್ಬರು ಬರುತ್ತಿದ್ದರು. ಸೊಪ್ಪು ಬೇಯುವಷ್ಟು ದಿನವೂ ಬೆಂಕಿ ಆರಬಾರದು. ಬದಲಿ ಆಳು ಬಂದು ಪಕ್ಕದಲ್ಲಿ ಕೂತ ಮೇಲೆಯೇ ಅವರು ಏಳುತ್ತಿದ್ದರು. ಊಟಕ್ಕೆ ಕರೆದರೆ, "ಬೆಂಕಿ ಬುಟ್ಟು ಎದ್ದೇಳಂಗಿಲ್ಲ ಕಣವ್ವ" ಎನ್ನುತ್ತಿದ್ದರು. ತಟ್ಟೆಯನ್ನು ಅಲ್ಲಿಗೇ ಒಯ್ಯಬೇಕಿತ್ತು.

ಮಳೆ ಕೈಕೊಟ್ಟ ವರ್ಷ, ಒಂದು ಮಧ್ಯಾಹ್ನ ಪಂಪ್‌ಸೆಟ್ಟಿಗೆ ಕರೆಂಟು ಬಂತು. "ಕಟ್ಟೇಲಿ ನೀರಿಲ್ಲ ಅಂತಾರೆ, ಈ ಕರೆಂಟು ಎಲ್ಲಿಂದ ಬತ್ತದೆ?" ಎಂದು ಕೇಳಿದರು. ಕಲ್ಲಿದ್ದಲು, ಗಾಳಿ, ಬಿಸಿಲು ಎಲ್ಲ ಹೇಳಿ, ಕಾರವಾರದ ಕಡೆ ಅಣು ಸ್ಥಾವರವೊಂದಿದೆ, ಮಳೆ ಬರಲಿ ಬಿಡಲಿ ಅದರ ಕಾವು ತಿಂಗಳುಗಟ್ಟಲೆ ಆರುವುದಿಲ್ಲ ಎಂದೆ.

ಉಳಿದದ್ದೆಲ್ಲ ಅವರ ಕಿವಿಗೆ ಬೀಳಲೇ ಇಲ್ಲ.

"ತಿಂಗಳುಗಟ್ಲೆ? ಅಂಗಾರೆ ಅಲ್ಲೂ ಒಬ್ಬ ಕೂತಿರ್ತಾನೆ," ಎನ್ನುತ್ತಾ ಕೊಳ್ಳಿಯನ್ನು ಒಳಕ್ಕೆ ತಳ್ಳಿದರು. "ಅವನಿಗೆ ಊಟ ಯಾರು ತಂದ್ಕೊಡ್ತಾರೋ!"

ಅಲ್ಲಿ ಒಲೆಯಿಲ್ಲ, ಯಂತ್ರಗಳಿವೆ ಎಂದರೂ ಒಪ್ಪಲಿಲ್ಲ. ಅಂದಿನಿಂದ ಪಂಪು ಸದ್ದು ಮಾಡಿದಾಗಲೆಲ್ಲ, "ಅವ ಇನ್ನೂ ಎದ್ದಿಲ್ಲ ಕಣವ್ವ" ಎನ್ನುವರು. ಕರೆಂಟು ಹೋದರೆ ಕಂಬವನ್ನು ಬೈಯುವರು, ತಂತಿಯನ್ನು ಬೈಯುವರು. ಅವನನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ.

ಈ ಸಲ ಸೊಪ್ಪು ಬೇಯಿಸುವ ಕಾಲಕ್ಕೆ ಅವರು ಬರಲಿಲ್ಲ. ನೋಡಲು ಹಾಡಿಗೆ ಹೋದೆ. ಹಾಸಿಗೆ ಹಿಡಿದಿದ್ದರು. ಕತ್ತಲೆಯ ಕೋಣೆಯಲ್ಲಿ ಹಗಲೇ ಬಲ್ಬು ಉರಿಯುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದರು:

"ಅವ ಎದ್ದಿಲ್ಲ ಕಣವ್ವ. ನಾನೇ ಎದ್ದುಬುಟ್ಟೆ."