ಸ್ವಿಚ್ಚಿನ ಮೇಲಿನ ಕೈ

ಕರೆಂಟು ಹೋದದ್ದು ಇಡೀ ಓಣಿಗೆ ಎಂದು ಗೊತ್ತಿದ್ದೂ ಮನೆಯ ಸ್ವಿಚ್ಚನ್ನು ನಾಲ್ಕಾರು ಸಲ ಟಕಟಕಿಸಿ ನೋಡುವವರ ಪಂಗಡಕ್ಕೆ ಸೇರಿದವನು ನಾನು. ಓದುಗ ಮಹಾಶಯರೇ, ನೀವೂ ಅದೇ ಪಂಗಡದವರೆಂಬ ಗುಮಾನಿ ನನಗಿದೆ. ದೇವರು ತಾಳ್ಮೆ ಹಂಚುತ್ತಿದ್ದಾಗ ನಾನು ಬಹುಶಃ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಬಾರದ ಬಸ್ಸಿಗಾಗಿ ಶತಪಥ ಹಾಕುತ್ತಿದ್ದೆ. ಇಂಥವನ ಹೊಟ್ಟೆಪಾಡು ಕಂಪ್ಯೂಟರುಗಳ ಶುಶ್ರೂಷೆಯಾದದ್ದು ವಿಧಿಯ ವಿನೋದ.

ಕೆಲ ವರ್ಷಗಳ ಹಿಂದೆ ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಹಂಗಾಮು ಭರದಲ್ಲಿರುವಾಗಲೇ, ಕಬ್ಬು ತೂಗುವ ಕಾಟಾದ ಲಿನಕ್ಸ್ ಕಂಪ್ಯೂಟರು ಪದೇ ಪದೇ ಮೂರ್ಛೆ ಹೋಗತೊಡಗಿ, ನನಗೆ ಕರೆ ಬಂತು. ಹೊರಗೆ ಟ್ರ್ಯಾಕ್ಟರುಗಳ ಸಾಲು, ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುವ ಕಬ್ಬು, ಎರಡು ಭಾಷೆಗಳ ಬೈಗುಳ. ಕಾಟಾದಲ್ಲಿ ಕೂರುತ್ತಿದ್ದವರು ಏಕಸಂಬಿಯ ಸುನಂದಕ್ಕ. "ಈಕಿ ಏನರ ಒತ್ತತಾಳ, ಅದಕ್ಕ ಬೀಳತೈತಿ. ಇನ್ನೊಮ್ಮೆ ಬಿದ್ರ ಈಕೀನ್ನ ಕೆಲಸದಿಂದ ತಗೀತೀನಿ" ಎಂದು ಮ್ಯಾನೇಜರರು ಎಲ್ಲರೆದುರೇ ತೀರ್ಪಿತ್ತಿದ್ದರು.

ಲಿನಕ್ಸಿನಲ್ಲೊಂದು ಏರ್ಪಾಟಿದೆ. ಯಂತ್ರವನ್ನು ನಡೆಸುವ ಕರ್ನಲ್ ಕುಸಿದ ಕ್ಷಣ, ಮೆಮೊರಿಯ ಮೂಲೆಯಲ್ಲಿ ಅವಿತು ಕೂತ ಇನ್ನೊಂದು ಪುಟ್ಟ ಕರ್ನಲ್ ಎದ್ದು, ಸತ್ತದ್ದು ಹೇಗೆಂದು ಪಂಚನಾಮೆ ಬರೆಯುತ್ತದೆ. ಇದಕ್ಕೆ ಕ್ರ್ಯಾಶ್ ಡಂಪ್ ಎನ್ನುತ್ತಾರೆ. ಆದರೆ ಅದು ಕೂರಲು ಎಷ್ಟು ಜಾಗ ಎಂಬುದನ್ನು ಮೊದಲೇ ಸೆಟ್ಟಿಂಗಿನ ಒಂದು ಸಾಲಿನಲ್ಲಿ ಬರೆದಿಡಬೇಕು. ನಾನು ಹೆಚ್ಚು ಜಾಗ ಕೇಳಿದ್ದೆ. ಸೆಟ್ಟಿಂಗ್ ಬದಲಿಸುವ ಸಲಕರಣೆ ನನ್ನ ದೊಡ್ಡ ಸಂಖ್ಯೆಯನ್ನು ಮುಂದೆ ಸೇರಿಸಿ, ಹಳೆಯ ಚಿಕ್ಕದನ್ನು ಬಾಲದಲ್ಲೇ ಬಿಟ್ಟಿತ್ತು. ಕರ್ನಲ್ ಕೊನೆಗೆ ಕಂಡದ್ದನ್ನೇ ನಂಬುವ ಪ್ರಾಣಿ. ಇಕ್ಕಟ್ಟಿನಲ್ಲಿ ಪಂಚನಾಮೆ ಬರೆಯುವ ಪುಟ್ಟ ಕರ್ನಲ್‌ಗೆ ಏಳಲೂ ಆಗುತ್ತಿರಲಿಲ್ಲ.

ಬಾಲ ಕತ್ತರಿಸಿದೆ. ಆಮೇಲೆ ಸುನಂದಕ್ಕನನ್ನು, ಬಿದ್ದಾಗ ಏನು ಮಾಡುತ್ತೀರೆಂದು ಕೇಳಿದೆ. "ಸ್ವಿಚ್ ಬಂದ್ ಮಾಡಿ ಚಾಲೂ ಮಾಡ್ತೀನ್ರಿ ಸರ್. ಗಾಡಿ ನಿಂತಿರತಾವಲ್ಲ, ಎಲ್ಲಾರೂ ಹಂಗ ಮಾಡ್ತಾರ." ಹಾಗೆ ಸ್ವಿಚ್ ಆರಿಸಿದರೆ ಬರೆಯುತ್ತಿರುವ ಪಂಚನಾಮೆ ಅರ್ಧಕ್ಕೇ ಅಳಿದುಹೋಗುತ್ತದೆ. ಅದು ತಾನಾಗಿ ಏಳುವವರೆಗೆ ಯಾರೂ ಮುಟ್ಟಕೂಡದೆಂದು ಕೈಮುಗಿದೆ.

ಮುಂದಿನ ದಿನಗಳ ಚಡಪಡಿಕೆ ಯಾರಿಗೂ ಬೇಡ. ಯಂತ್ರ ಬೀಳದಿದ್ದರೆ ಕಾರಣ ತಿಳಿಯದು. ಬಿದ್ದು ಪಂಚನಾಮೆ ಬರೆಯದಿದ್ದರೆ ಸುನಂದಕ್ಕನ ನೌಕರಿ ಹೋಗುತ್ತದೆ. ನಾನು ಕುಂತಲ್ಲಿ ಕೂರಲಾರದೆ, ಚಹಾದ ಮೇಲೆ ಚಹಾ ಕುಡಿಯುತ್ತ ಅದರ ಮರಣವನ್ನು ಬಯಸುತ್ತಲೂ ಹೆದರುತ್ತಲೂ ಇದ್ದೆ.

ಒಂದು ಮಧ್ಯಾಹ್ನ ಬಿತ್ತು. ಹಾರ್ನುಗಳು ಒದರತೊಡಗಿದವು, ಚಾಲಕರು ಕಿಟಕಿಗೆ ಮುಗಿಬಿದ್ದರು, ಮ್ಯಾನೇಜರರು ಧಾವಿಸಿ ಬಂದರು. ಆ ಗದ್ದಲದಲ್ಲಿ ಸ್ವಿಚ್ಚಿಗೆ ಮೊದಲು ಹೋದ ಕೈ, ನಾಚಿಕೆಯಾಗುತ್ತದೆ, ನನ್ನದೇ. ಸುನಂದಕ್ಕ ಅದನ್ನು ಫಟ್ಟನೆ ಹೊಡೆದು, ಸ್ವಿಚ್ಚಿನ ಮೇಲೆ ತಮ್ಮ ಅಂಗೈ ಮುಚ್ಚಿ ಕೂತರು. "ನೀವ ಹೇಳೀರಿ, ಸುಮ್ಕ ನಿಂದರ್ರಿ!"

ಬರಹ ಮುಗಿದು ಯಂತ್ರ ತಾನೇ ಎದ್ದಿತು. ಪಂಚನಾಮೆ ಬಿಚ್ಚಿ ಓದಿದೆ: ಕುಸಿತಕ್ಕೆ ಕಾರಣ ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಕಾರ್ಡು. ಯಾವ ಕೀಲಿಯೂ ಅಲ್ಲ, ಯಾರ ಬೆರಳೂ ಅಲ್ಲ. "ಹಂಗಾರ ಕಾರ್ಡ್ ಬದಲಿ ಮಾಡ್ರಿ" ಎಂದು ಮ್ಯಾನೇಜರರು ಆಫೀಸಿನತ್ತ ಹೊರಟೇಬಿಟ್ಟರು. ಎಲ್ಲರೆದುರು ಕೊಟ್ಟ ತೀರ್ಪನ್ನು ಅವರು ಹಿಂತೆಗೆಯದ್ದಕ್ಕೆ ನನಗೆ ಸಿಟ್ಟು ಬಂತು.

ಸುನಂದಕ್ಕ ಗಾಡಿಗಳನ್ನು ಕರೆಯುವ ಮೈಕನ್ನು ಹತ್ತಿರ ಎಳೆದುಕೊಂಡರು. "ಎಲ್ಲಾರೂ ಕೇಳ್ರಿ. ಮಶೀನ್ ಬೀಳತಿದ್ದದ್ದು ಕಾರ್ಡ್ ಕೆಟ್ಟು. ಸುನಂದಾನ ಕೈಯಿಂದ ಅಲ್ಲ." ಗಡಿಯಾಚೆಯ ಚಾಲಕರಿಗೂ ತಿಳಿಯಲೆಂದು ಅದನ್ನೇ ಮರಾಠಿಯಲ್ಲಿ ಹೇಳಿದರು, ಮತ್ತೆ ಕನ್ನಡದಲ್ಲಿ, ಮತ್ತೆ ಮರಾಠಿಯಲ್ಲಿ. ಅಂಗಳದ ಆ ತುದಿಯಲ್ಲಿ ಮ್ಯಾನೇಜರರು ನಿಂತು, ತಿರುಗಿ ನೋಡಿದ ಮೇಲೆಯೇ ಸುನಂದಕ್ಕ ಮುಂದಿನ ಗಾಡಿಯನ್ನು ಕರೆದರು.