ಲಾರ್ಡ್ ಸಾಹೇಬರ ನಿಜವಾದ ಕಿವುಡು

೧೯೯೫. ಮೈಸೂರಿನಲ್ಲಿ ಓದಿ ಬಂದಿದ್ದ ನಾನು ವಾಷಿಂಗ್ಟನ್ನಿನ ಒಂದು ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ; ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವವಳು. ಆಗಸ್ಟಿನ ಒಂದು ಬೆಳಿಗ್ಗೆ ರಿಸೆಪ್ಷನ್ನಿನ ಶುಭಾ, ಬೆಂಗಳೂರಿನವಳು, ನಗು ತಡೆಯುತ್ತಾ ಓಡಿಬಂದಳು.

“ಮೇಡಂ, ಬೇಗ ಬನ್ನಿ! ಅಂಕಲ್ ಒಬ್ರು ಚೌಕಳಿ ಲಂಗ ಹಾಕ್ಕೊಂಡು ಕೂತಿದಾರೆ. ನಮ್ಮ ಫಿಶ್ ಟ್ಯಾಂಕಿಗೆ ಗುಡ್ ಮಾರ್ನಿಂಗ್ ಬೇರೆ ಹೇಳ್ತಿದಾರೆ!”

ಅವರು ಸ್ಕಾಟ್ಲೆಂಡಿನ ದೊಡ್ಡ ಮನೆತನದ ಲಾರ್ಡ್, ನಿವೃತ್ತಿಯ ನಂತರ ವಾಷಿಂಗ್ಟನ್ನಿನಲ್ಲೇ ನೆಲೆಸಿದ್ದ ರಾಜತಾಂತ್ರಿಕ. ಆ ಸುಡುಬಿಸಿಲಿನಲ್ಲೂ ಅಲ್ಲಿನ ಗಂಡಸರು ಉಡುವ ಉಣ್ಣೆಯ ಕಿಲ್ಟು, ಟೋಪಿಯಲ್ಲಿ ಹಕ್ಕಿಯ ಗರಿ. ಜೊತೆಗೆ ಬಂದಿದ್ದ ಹೆಂಡತಿಯ ಮುಖ ಮಾತ್ರ ಗಂಟಿಕ್ಕಿತ್ತು. ಗಂಡನನ್ನು ಹೊರಗೇ ಕೂರಿಸಿ ಒಳಬಂದು ಅವರು ಹೇಳಿದ್ದು ಇದು: ಸಂಧಾನದ ಮೇಜಿನಲ್ಲಿ ಇಕ್ಕಟ್ಟಿನ ಪ್ರಶ್ನೆ ಬಂದರೆ ಲಾರ್ಡ್ ಸಾಹೇಬರು ಕಿವಿಗೆ ಕೈ ಆನಿಸಿ ಕಿವುಡರಾಗಿಬಿಡುತ್ತಿದ್ದರಂತೆ. ಎದುರಿನವರು ಮತ್ತೆ ಮತ್ತೆ ಹೇಳಿ ಸುಸ್ತಾಗಿ, ಹೇಳಬಾರದ್ದನ್ನೂ ಹೇಳುತ್ತಿದ್ದರಂತೆ. ಆ ಚಾಳಿ ಮನೆಗೂ ಬಂತು.

“ಎರಡು ವರ್ಷದಿಂದ ನನ್ನ ಮಾತಿಗೆ ಉತ್ತರವೇ ಇಲ್ಲ. ನಾನೂ ಮಾತು ಬಿಟ್ಟೆ. ಇದು ನಾಟಕ ಅಂತ ನೀವು ಹೇಳಿಬಿಡಿ, ಎಡಿನ್‌ಬರೋದಲ್ಲಿರುವ ತಂಗಿಯ ಮನೆಗೆ ಹೊರಟುಹೋಗುತ್ತೇನೆ.”

ಕಿಲಾಡಿ ಮುದುಕ, ಅಂದುಕೊಂಡೆ ನಾನೂ.

ಸಾಮಾನ್ಯ ಪರೀಕ್ಷೆಯಲ್ಲಿ ಸದ್ದು ಕೇಳಿದಾಗ ರೋಗಿ ಗುಂಡಿ ಒತ್ತಬೇಕು. ಬೇಕೆಂದರೆ ಒತ್ತದೆಯೂ ಇರಬಹುದು. ಹಾಗಾಗಿ ನೇರವಾಗಿ ಎ.ಬಿ.ಆರ್. ಮಾಡಿದೆ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಕಿವಿಗೆ ಸದ್ದು ಬಿಟ್ಟರೆ, ನರ ಮತ್ತು ಮಿದುಳು ಕೊಡುವ ಉತ್ತರವನ್ನು ಯಂತ್ರವೇ ಹಿಡಿಯುತ್ತದೆ. ಅಲ್ಲಿ ಯಾರ ಆಟವೂ ನಡೆಯದು. ಲಾರ್ಡ್ ಸಾಹೇಬರು ಆರಾಮಾಗಿ ಗೊರಕೆ ಹೊಡೆದರು. ಎರಡೂ ಕಿವಿಗೆ ಎಪ್ಪತ್ತು ಡೆಸಿಬೆಲ್ಲಿನ ಕೆಳಗೆ ಪರದೆಯ ಮೇಲೆ ಒಂದು ಅಲೆಯೂ ಏಳಲಿಲ್ಲ. ಎದುರು ಕೂತು ಆಡುವ ಮಾತು ಅರವತ್ತರ ಆಸುಪಾಸು. ನನಗೆ ನಾಚಿಕೆಯಾಯಿತು.

“ಅವರಿಗೆ ನಿಜವಾಗಿಯೂ ಕೇಳಿಸುತ್ತಿಲ್ಲ,” ಎಂದೆ. ಆಕೆ ಗಂಡನತ್ತ ತಿರುಗಿದರು.

“ಅಯ್ಯೋ ದೇವರೇ! ಒಂದೇ ಮನೆಯಲ್ಲಿದ್ದುಕೊಂಡು ಅವರನ್ನು ಒಂಟಿ ಮಾಡಿಬಿಟ್ಟೆನಲ್ಲ!”

ಲಾರ್ಡ್ ಸಾಹೇಬರ ಕಿವಿಗಳಿಗೆ ಪ್ರಯೋಗಕ್ಕೆಂದು ಹಿಯರಿಂಗ್ ಏಡ್ ಹಾಕಿ, ಮಾತಾಡಿ ಎಂದು ಆಕೆಗೆ ಸನ್ನೆ ಮಾಡಿದೆ. “ನನ್ನನ್ನು ಕ್ಷಮಿಸಿಬಿಡಿ,” ಎಂದು ಆಕೆ ಅತ್ತರು. ಆ ದನಿಗೆ ಅವರು ಬೆಚ್ಚಿ ತಿರುಗಿದರು.

“ತಪ್ಪು ನಿನ್ನದಲ್ಲ. ನನ್ನನ್ನು ನಂಬಬೇಡ ಅಂತ ಜೀವನವಿಡೀ ನಿನಗೆ ಕಲಿಸಿದವನೇ ನಾನು. ಕೇಳಿಸುತ್ತಿಲ್ಲ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?”

ಮನೆಯವರು ಏನೇ ಹೇಳಲಿ, ಮೊದಲ ಪ್ರಶ್ನೆ ರೋಗಿಗೇ ಹಾಕಬೇಕು. ಆ ಬೆಳಿಗ್ಗೆ ಕಲಿತ ಪಾಠವನ್ನು ನಿವೃತ್ತಿಯವರೆಗೂ ಬಿಡಲಿಲ್ಲ. ಲಾರ್ಡ್ ಸಾಹೇಬರನ್ನು ಮಾತ್ರ ನಾನು ಏನೂ ಕೇಳಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ.