ಅತ್ತಿಗೆ ಬರೆಯದೆ ಬಿಟ್ಟ ಸಾಲು

ನಮ್ಮ ಅತ್ತಿಗೆ ಅಂಗಡಿಗೆ ಕಳಿಸಿದರೆ ಏನು ತರಬೇಕು ಅನ್ನುವುದಕ್ಕಿಂತ ಏನು ತರಬಾರದು ಅನ್ನುವ ಪುರಾಣವೇ ಉದ್ದ. ಅವರು ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಅವರಿಗೆ ‘ಕೊರೆತ’ ಎಂದು ಹೆಸರಿಟ್ಟಿದ್ದೆ. ಅವರ ಅನ್ನ ಹುಟ್ಟುವುದೇ ಆ ಗುಣದಿಂದ ಎಂದು ಆಮೇಲೆ ತಿಳಿಯಿತು.

ಅತ್ತಿಗೆ ಡಯಾಲಿಸಿಸ್ ಕೇಂದ್ರದ ಕಂಪ್ಯೂಟರ್ ವಿಭಾಗದಲ್ಲಿದ್ದಾರೆ. ಅಲ್ಲಿ ರೋಗಿಗಳ ಸರದಿ ನೋಡಿಕೊಳ್ಳುವುದು ಮನುಷ್ಯರಲ್ಲ, ಒಂದು ಎಐ ಸಹಾಯಕ. ಫೋನ್ ಮಾಡಲು, ಕುರ್ಚಿ ಹಂಚಲು, ಬಾರದವರ ಸರದಿ ಬಿಡಿಸಲು ಅದಕ್ಕೆ ಬೇರೆಬೇರೆ ಟೂಲ್‌ಗಳಿವೆ. ಯಾವ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಮುಟ್ಟಲೇಬಾರದು ಎಂದು ಅತ್ತಿಗೆ ಬರೆದಿಡಬೇಕು. ಸಹಾಯಕ ಅದನ್ನು ಓದಿಕೊಂಡೇ ನಡೆಯುತ್ತದೆ. ಅದು ಜಾಣ, ಆದರೆ ಪಕ್ಕದ ಮೇಜಿನವರನ್ನು ಕೇಳಿ ತಿಳಿದುಕೊಳ್ಳುವ ಹಾಗಿಲ್ಲ, ನಾವು ಹೇಳದೇ ಬಿಟ್ಟದ್ದು ಅದರ ಪಾಲಿಗೆ ಇಲ್ಲವೇ ಇಲ್ಲ ಎಂದು ಅತ್ತಿಗೆ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು.

ಅಣ್ಣನ ಕಿಡ್ನಿ ಕೈಕೊಟ್ಟಮೇಲೆ ಅವನೂ ಅದೇ ಕೇಂದ್ರದ ರೋಗಿಯಾದ. ಹೋದ ಸಲ ಯಂತ್ರ ಕೆಟ್ಟು ಅವನ ಸರದಿ ತಪ್ಪಿತ್ತು. ಮೈಯಲ್ಲಿ ನೀರು ತುಂಬಿ ಕಾಲು ಊದಿಕೊಂಡಿತ್ತು. ಈ ಸಲ ಅಣ್ಣ, ಅತ್ತಿಗೆ, ನಾನು ಮೂವರೂ ಬೆಳಕು ಹರಿಯುವ ಮೊದಲೇ ಬಂದು ಕೇಂದ್ರದ ಕಾರಿಡಾರಿನಲ್ಲಿ ಕೂತೆವು. ಅಣ್ಣ ಬೆಂಚಿನ ಮೇಲೇ ತೂಕಡಿಸಿದ. ಅವನ ಫೋನ್ ಚೀಲದ ತಳದಲ್ಲಿತ್ತು. ಸಹಾಯಕ ಕರೆ ಮಾಡಿದ್ದು ನಮಗ್ಯಾರಿಗೂ ಕೇಳಿಸಲಿಲ್ಲ. ಉತ್ತರ ಬರದಿದ್ದಾಗ ಅದು ಸರದಿ ಬಿಡಿಸಿ ಕಾಯುತ್ತಿದ್ದ ಇನ್ನೊಬ್ಬರಿಗೆ ಕೊಟ್ಟಿತು. ನಾವು ಒಳಗೆ ಹೋದಾಗ ಅಣ್ಣನ ಕುರ್ಚಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಸೂಜಿ ಚುಚ್ಚಿ ಆಗಿತ್ತು.

ಉತ್ತರ ಬರದಿದ್ದರೆ ಸರದಿ ಬಿಡಿಸಬಹುದು ಎಂದು ಬರೆದವರು ಅತ್ತಿಗೆಯೇ. ಈ ರೋಗಿಗಳು ಬಂದು ಬೆಂಚಿನ ಮೇಲೆ ನಿದ್ದೆ ಹೋಗುವುದು ದಿನದ ಮಾತು. ಹಾಗಾಗಿ ಸರದಿ ಬಿಡಿಸುವ ಮುಂಚೆ ಕಾರಿಡಾರಿಗೊಮ್ಮೆ ಇಣುಕಿ ನೋಡುವುದು ಅಲ್ಲಿನ ಹಳಬರಿಗೆಲ್ಲ ರೂಢಿ. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಅದನ್ನು ಬರೆಯಲು ಯಾರಿಗೂ ತೋಚಿರಲಿಲ್ಲ, ಉಪ್ಪಿನ ಪೊಟ್ಟಣಕ್ಕೆ ಪುರಾಣ ಹೇಳುವ ನಮ್ಮ ಅತ್ತಿಗೆಗೂ.

ದೊಡ್ಡಾಸ್ಪತ್ರೆಗೆ ಫೋನ್ ಮಾಡಿದೆ, ಅಲ್ಲೂ ಜಾಗವಿರಲಿಲ್ಲ. ಅಣ್ಣನಿಗೆ ಉಸಿರಾಡಲು ಆಗುತ್ತಿಲ್ಲ ಎಂದು ನರ್ಸ್ ಮುಂದೆ ಗೋಗರೆದೆ. ಹೊರಗೆ ಕೂತ ಎಲ್ಲರ ಮನೆಯವರೂ ಇದನ್ನೇ ಹೇಳುತ್ತಿದ್ದಾರೆ, ಮುಂದಿನ ಕುರ್ಚಿ ಯಾರಿಗೆಂದು ಸಹಾಯಕವೇ ವಿಚಾರಿಸಿ ಹೇಳಲಿ ಎಂದು ಆಕೆ ಒಳಗೆ ಓಡಿದಳು. ಅಣ್ಣ ಗೋಡೆಗೆ ಒರಗಿ ಬಾಯಲ್ಲಿ ಉಸಿರಾಡುತ್ತಿದ್ದ.

ಅತ್ತಿಗೆ ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದರು. ಬಿಟ್ಟುಹೋದ ಸಾಲು ಸೇರಿಸಿದರು: ರೋಗಿ ಬಂದಿರುವರೇ ಎಂದು ಬಾಗಿಲಲ್ಲಿರುವವರನ್ನು ವಿಚಾರಿಸದೆ, ಜೊತೆಗಿರುವವರಿಗೆ ಕರೆ ಮಾಡದೆ ಸರದಿ ಬಿಡಿಸಬೇಡ. ಆಮೇಲೆ ಕುರ್ಚಿ ಹಂಚುವ ಟೂಲ್‌ಗೆ ಬಂದರು. ಉಸಿರಿಗೆ ಕಷ್ಟಪಡುವವರಿಗೆ ಮೊದಲು ಕೊಡು, ರೋಗಿಯನ್ನೇ ಕೇಳು, ಮನೆಯವರ ಮಾತಿನ ಮೇಲೆ ತೀರ್ಮಾನಿಸಬೇಡ. ಈ ಕೊನೆಯದನ್ನು ಓದಿ ನನಗೆ ಸಿಟ್ಟು ಬಂತು. ಅಣ್ಣನಿಗೇ ಮೊದಲು ಎಂದು ಒಂದು ಸಾಲು ಬರೆದುಬಿಡಿ ಎಂದೆ.

“ಬರೀಬಹುದು. ನಾಳೆನೂ ಅದು ಅದನ್ನೇ ಓದತ್ತೆ. ಆಗ ಆ ಅಜ್ಜಿ ಎಲ್ಲಿಗೆ ಹೋಗ್ಬೇಕು?” ಎಂದರು. ತಮ್ಮ ಮೇಲಿನವರಿಗೆ ಫೋನ್ ಮಾಡಿ ಓದಿ ಹೇಳಿ, ಒಪ್ಪಿಗೆ ಪಡೆದು ಹೊಸ ವಿವರಣೆ ಜಾರಿಗೆ ತಂದರು.

ಸ್ವಲ್ಪ ಹೊತ್ತಿಗೆ, ಚೀಲದಿಂದ ತೆಗೆದು ಅಣ್ಣನ ಕೈಗೆ ಕೊಟ್ಟಿದ್ದ ಫೋನ್ ರಿಂಗಾಯಿತು. ಉಸಿರಾಟಕ್ಕೆ ತೊಂದರೆ ಇದೆಯೇ ಎಂದು ಸಹಾಯಕ ಮೆತ್ತಗೆ ಕೇಳಿತು.

“ಹಾಗೇನಿಲ್ಲ, ಆರಾಮಾಗಿದ್ದೀನಿ,” ಎಂದ ನಮ್ಮಣ್ಣ. “ಬೇರೆಯವರನ್ನ ನೋಡಿ.”

ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು. ಅತ್ತಿಗೆ ಫೋನ್ ಕಿತ್ತುಕೊಂಡು, ಇವರು ಸುಳ್ಳು ಹೇಳುತ್ತಿದ್ದಾರೆ, ಉಸಿರೇ ಸಿಗುತ್ತಿಲ್ಲ ಎಂದರು. ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೆ ರೋಗಿಯಿಂದಲೇ ಕೇಳಬೇಕು, ಅವರಿಗೆ ಕೊಡಿ ಎಂದಿತು ಅದು. ಅತ್ತಿಗೆ ಈಗಷ್ಟೇ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಅತ್ತಿಗೆ ಫೋನನ್ನು ಅಣ್ಣನ ಬಾಯಿಯ ಹತ್ತಿರ ಹಿಡಿದರು.

“ರೀ, ಅದಕ್ಕೆ ನಿಮ್ಮ ಮುಖ ಕಾಣಲ್ಲ. ನೀವು ಹೇಳಿದ್ದಷ್ಟೇ ಅದಕ್ಕೆ ಗೊತ್ತಾಗೋದು. ದಮ್ಮಯ್ಯ, ಹೇಳಿ.”

ಅಣ್ಣ ಅವರ ಮುಖ ನೋಡಿದ. ಅಪ್ಪ ಸತ್ತಾಗಲೂ, ಕಿಡ್ನಿ ಹೋಯಿತೆಂದು ಡಾಕ್ಟರು ಹೇಳಿದಾಗಲೂ ನನ್ನ ಬೆನ್ನು ತಟ್ಟಿ ‘ಏನಾಗಲ್ಲ’ ಅಂದವನು ಅವನು.

“ಉಸಿರು ಸಿಗ್ತಿಲ್ಲ,” ಎಂದ. ಮುಂದಿನ ಕುರ್ಚಿ ನಿಮಗೇ, ನರ್ಸ್‌ಗೆ ತಿಳಿಸಿದ್ದೇನೆ ಎಂದು ಫೋನ್ ಹೇಳಿತು. ಅಣ್ಣ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅತ್ತಿಗೆಯ ಕೈ ಹಿಡಿದುಕೊಂಡು, ಯಾರೂ ಕೇಳದೇ ಇದ್ದರೂ, ಇನ್ನೊಂದು ಮಾತು ಹೇಳಿದ.

“ಭಯ ಆಗ್ತಿದೆ ಕಣೇ.”